ಸೂರಿಲ್ಲದ ನೆರೆಯವರೊಂದಿಗೆ ನಮ್ಮ ಸಭೆ

ನಮ್ಮದು ಮೈಸೂರಿನ ಹಳೆಯ ಮೊಹಲ್ಲಾವೊಂದರಲ್ಲಿರುವ ಚಿಕ್ಕ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಕ್ರೈಸ್ತರ ಕೂಟ. ಕೃಷ್ಣರಾಜೇಂದ್ರ ಆಸ್ಪತ್ರೆ, ದೇವರಾಜ ಮಾರುಕಟ್ಟೆ, ಬಸ್ ನಿಲ್ದಾಣ ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿರುವುದರಿಂದ, ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ ಜಗಲಿಗಳಲ್ಲಿ ಮಲಗುವವರ ಮುಖಗಳು ನಮಗೆ ಮೊದಲಿನಿಂದಲೂ ಪರಿಚಿತ. ಸೇವಾ ಸಮಿತಿಯ ಹೊಣೆ ನನ್ನ ಪಾಲಿಗೆ ಬಂದಾಗ ಅಯ್ಯನವರು (ನಮ್ಮ ಪಾದ್ರಿಗಳು), ಸಭಾಹಿರಿಯರು ಮತ್ತು ಸ್ತ್ರೀಯರ ಸಂಘದವರು ಕೂಡಿ ಒಂದು ತೀರ್ಮಾನ ಮಾಡಿದೆವು. ಗಾಡಿಯಲ್ಲಿ ಹೋಗಿ ಊಟದ ಪೊಟ್ಟಣ ಹಂಚಿ ಬರುವ ಕೆಲಸವನ್ನು ನಾವು ಕೈಗೊಳ್ಳುವುದು ಬೇಡ. ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯವರು ಹಾಲ್‌ನಲ್ಲಿ ಕೂತು ಉಣ್ಣುವ ಪಂಕ್ತಿಗೇ ಅವರನ್ನು ಕರೆಯೋಣ, ಅವರ ಮಗ್ಗುಲಲ್ಲೇ ನಾವೂ ಎಲೆ ಹಾಕಿಕೊಂಡು ಕೂರೋಣ ಎಂಬುದೇ ಆ ತೀರ್ಮಾನ.

ಇದಕ್ಕೆ ಕಾರಣವಿತ್ತು. ಹೊಟ್ಟೆಯ ಹಸಿವನ್ನು ನೀಗಿಸಲು ಮೈಸೂರಿನಲ್ಲಿ ಬೇರೆ ದಾರಿಗಳಿವೆ. ಇಂದಿರಾ ಕ್ಯಾಂಟೀನ್ ಬಂದಾಗಿನಿಂದ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಕ್ಕಿದೆ, ಮಠ ಮಂದಿರಗಳ ದಾಸೋಹವೂ ಇದೆ. ಆದರೆ ನಿಲ್ದಾಣದ ಕಂಬದ ಬುಡದಲ್ಲಿ ವರ್ಷಗಟ್ಟಲೆ ಮಲಗಿದವರನ್ನು ಹೆಸರು ಹಿಡಿದು ಕರೆಯುವವರು, ಒಂದು ದಿನ ಕಾಣದಿದ್ದರೆ ಎಲ್ಲಿ ಹೋಗಿದ್ದಿರಿ ಎಂದು ವಿಚಾರಿಸುವವರು ಬಹಳ ಕಡಿಮೆ. ಸಭೆಯೊಂದು ಕೊಡಬಹುದಾದದ್ದು ಮೊದಲಿಗೆ ಇದನ್ನೇ ಎಂದು ನಾನು ನಂಬಿದ್ದೇನೆ.

ಆ ವರ್ಷದ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಅಯ್ಯನವರು ಪ್ರಸಂಗಕ್ಕೆ ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವನ್ನು ಆರಿಸಿಕೊಂಡರು. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಜಾಗವನ್ನೂ ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿಯ ಜಾಗವನ್ನೂ ತೋರಿಸುವ ಸಭೆಯನ್ನು ಆ ಅಧ್ಯಾಯ ನೇರವಾಗಿ ಗದರಿಸುತ್ತದೆ. ಆರಾಧನೆಗೆ ಬಂದ ಈ ಅತಿಥಿಗಳೆಲ್ಲ ತಾವಾಗಿಯೇ ಬಾಗಿಲ ಬಳಿಯ ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದುದರಿಂದ, ಕೆಲವು ಕುಟುಂಬಗಳು ಅವರನ್ನು ಬಾಗಿಲಲ್ಲೇ ಎದುರುಗೊಂಡು ತಮ್ಮ ಬೆಂಚಿಗೆ ಕರೆದುಕೊಂಡು ಬರುವ ರೂಢಿ ಮಾಡಿಕೊಂಡವು. ಹಾಲ್‌ನ ಹಿಂದಿನ ಬಚ್ಚಲಲ್ಲಿ ಭಾನುವಾರ ನಸುಕಿಗೇ ಹಂಡೆ ನೀರು ಕಾಯಿಸುತ್ತೇವೆ. ಹೆಂಗಸರಿಗೆ ಬೇರೆ ಹೊತ್ತು, ಬೇರೆ ಬಾಗಿಲು. ಅದರ ಮೇಲ್ವಿಚಾರಣೆ ಪೂರ್ತಿ ಸ್ತ್ರೀಯರ ಸಂಘದ್ದು.

ಒಂದು ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಊಟಕ್ಕೆ ಬರುವವರು ಆರಾಧನೆಗೆ ಕೂರಬೇಕೆಂಬ ಷರತ್ತಿಲ್ಲ. ಕರಪತ್ರ ಕೊಡುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಯಾರ ದೇವರ ವಿಚಾರವನ್ನೂ ಕೆದಕುವುದಿಲ್ಲ. ಬರುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಕೆಲವರು ಕೀರ್ತನೆ ಕೇಳಲೆಂದೇ ಬೇಗ ಬಂದು ಕೂರುತ್ತಾರೆ, ಕೆಲವರು ಊಟದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಇಬ್ಬರಿಗೂ ಒಂದೇ ಮರ್ಯಾದೆ. ಹಳ್ಳಿಯ ಭಜನೆಯಲ್ಲಿ ಹಾಡುತ್ತಿದ್ದ ತಾತನೊಬ್ಬರು ಊಟವಾದ ಮೇಲೆ ತತ್ತ್ವಪದ ಹೇಳಲು ತೊಡಗಿದರೆ ನಮ್ಮ ಯುವಜನ ಕೂಟದ ಹುಡುಗರು ತಬಲಾ ಹಿಡಿದು ಅವರ ಎದುರು ಕೂತುಬಿಡುತ್ತಾರೆ. ಅನ್ಯೋನ್ಯತೆ ಎಂದು ನಾವು ಪ್ರಾರ್ಥನೆಯಲ್ಲಿ ಹೇಳುವುದು ಆ ಹೊತ್ತಿನಲ್ಲಿ ನನಗೆ ಕಣ್ಣೆದುರೇ ಕಾಣುತ್ತದೆ.

ಪಂಕ್ತಿಯಲ್ಲಿ ಜೊತೆಗೆ ಕೂತದ್ದರಿಂದಲೇ ಅವರಿಗೆ ನಿಜವಾಗಿ ಏನು ಬೇಕೆಂಬುದು ತಿಳಿಯುತ್ತಾ ಬಂತು. ಡಿಸೆಂಬರ್‌ನಲ್ಲಿ ಕಂಬಳಿ ಕೊಡುವ ಮಾತು ಬಂದಾಗ ಮೂಟೆ ಹೊರುವ ಹಿರಿಯರೊಬ್ಬರು, "ಕಂಬ್ಳಿ ಕೊಡ್ತೀರಿ, ಸರಿ ಕಣಪ್ಪ. ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಹೋಗುವಾಗ ಅದನ್ನ ಎಲ್ಲಿ ಮಡಗ್ಲಿ?" ಎಂದು ಕೇಳಿದರು. ರಾತ್ರಿ ಬೆಚ್ಚಗಿಡುವ ಕಂಬಳಿ ಹಗಲಿಗೆ ಹೊರೆಯಾಗುತ್ತದೆ. ಎಲ್ಲೋ ಸಂದಿಯಲ್ಲಿ ತುರುಕಿಟ್ಟು ಹೋದರೆ ಸಂಜೆಗೆ ಇರುವುದಿಲ್ಲ. ಹಾಗಾಗಿ ಹಾಲ್‌ನ ಪಕ್ಕದ ಕೋಣೆಯಲ್ಲಿ ಮರದ ಹಲಗೆಗಳನ್ನು ಹೊಡೆಸಿ, ಒಬ್ಬೊಬ್ಬರಿಗೂ ಹೆಸರು ಬರೆದ ಗೋಣಿಚೀಲ ಕೊಟ್ಟೆವು. ಬೆಳಿಗ್ಗೆ ಇಟ್ಟು ಹೋಗುತ್ತಾರೆ, ಸಂಜೆ ಒಯ್ಯುತ್ತಾರೆ. ನಾವು ಮಾಡಿದ ಕೆಲಸಗಳಲ್ಲಿ ಅತ್ಯಂತ ಕಡಿಮೆ ಖರ್ಚಿನದು ಇದು, ಅವರು ಅತ್ಯಂತ ಹೆಚ್ಚು ಬಳಸುತ್ತಿರುವುದೂ ಇದೇ.

ಕಾಗದಪತ್ರಗಳ ಕೆಲಸಕ್ಕೆ ಮಾತ್ರ ತುಂಬ ತಾಳ್ಮೆ ಬೇಕು. ಆಧಾರ್ ಇಲ್ಲದೆ ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿಗೂ ಪಡಿತರಕ್ಕೂ ದಾರಿಯಿಲ್ಲ. ವಿಳಾಸವೇ ಇಲ್ಲದವರಿಗೆ ನಿಗದಿತ ನಮೂನೆಯ ಪ್ರಮಾಣಪತ್ರವೊಂದಿದೆ. ಗೆಜೆಟೆಡ್ ಅಧಿಕಾರಿಗಳೋ ಶಾಸಕರೋ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರೋ ಫೋಟೋದ ಮೇಲೆ ಸಹಿ, ಮೊಹರು ಹಾಕಿ ಕೊಡಬಹುದು, ಆದರೆ ಅದು ನಡೆಯುವುದು ಮೂರು ತಿಂಗಳು ಮಾತ್ರ. ಕಾರ್ಡು ಕಳೆದುಕೊಂಡವರ ಹಳೆಯ ಸಂಖ್ಯೆಯನ್ನು ಬೆರಳಚ್ಚಿನಿಂದ ಪತ್ತೆ ಮಾಡಬಹುದಾದರೂ, ಸಿಮೆಂಟು ಕಲಸಿ ಕಲಸಿ ಬೆರಳಿನ ಗೆರೆಗಳೇ ಸವೆದು ಹೋದವರಿಗೆ ಯಂತ್ರ ಮತ್ತೆ ಮತ್ತೆ ಕೆಂಪು ತೋರಿಸುತ್ತದೆ. ಅಂಥವರಿಗೆ ಕಣ್ಣಿನ ಪಾಪೆಯ ಗುರುತು ಹಿಡಿಸಿ ನೋಡಿ ಎಂದು ಕೇಳಬೇಕು. ಹೀಗೆ ಕೇಳಲು ಜೊತೆಗೊಬ್ಬರು ಇರಬೇಕೆಂಬ ಕಾರಣಕ್ಕೆ, ನಿವೃತ್ತರಾದ ಸಭೆಯವರು ಸರದಿಯ ಮೇಲೆ ಆಧಾರ್ ಕೇಂದ್ರಕ್ಕೂ ನಾಡಕಚೇರಿಗೂ ಅವರೊಡನೆ ಹೋಗುತ್ತಾರೆ. ಸಿಕ್ಕಿದ ಪತ್ರಗಳ ನಕಲನ್ನು ಅವರ ಒಪ್ಪಿಗೆ ಪಡೆದು ನಮ್ಮ ಬೀರುವಿನಲ್ಲಿಡುತ್ತೇವೆ.

ಕಾಲಿನ ಹುಣ್ಣಿನವರನ್ನು, ಸಕ್ಕರೆ ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ವಾರದ ರೂಢಿಯೇ ಆಗಿದೆ. ಮನಸ್ಸಿನ ಕಾಯಿಲೆಯಿಂದ ಅಲೆಯುತ್ತಿರುವವರು ಕಂಡರೆ ನಾವಾಗಿ ಏನನ್ನೂ ಮಾಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥವರಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಪೊಲೀಸರದು. ಠಾಣೆಗೆ ತಿಳಿಸಿ, ಅವರು ಬರುವವರೆಗೂ ಜೊತೆಗಿರುವುದು ನಮ್ಮ ಕೆಲಸ.

ಇಷ್ಟಕ್ಕೆಲ್ಲ ಹಣದ ಮೂಲ ಮುಖ್ಯವಾಗಿ ಸುಗ್ಗಿ ಹಬ್ಬದ ಹರಾಜು. ಮಂಡ್ಯ ಕಡೆಯ ನೆಂಟರು ತರುವ ಕಬ್ಬು, ಬೆಲ್ಲ, ಸಭೆಯ ಹಿತ್ತಿಲುಗಳ ಕುಂಬಳಕಾಯಿ, ನಾಟಿಕೋಳಿ ಎಲ್ಲವೂ ಹರಾಜಿಗೆ ಬರುತ್ತವೆ. ಒಬ್ಬರು ಕೂಗಿ ಕೊಂಡ ಕುಂಬಳಕಾಯಿಯನ್ನು ದೇವರ ಕಾಣಿಕೆಯೆಂದು ಮತ್ತೆ ಮೇಜಿನ ಮೇಲಿಡುತ್ತಾರೆ, ಮತ್ತೊಬ್ಬರು ಅದನ್ನೇ ಕೂಗುತ್ತಾರೆ. ಅಂಗಡಿಯ ಬೆಲೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಆ ದಿನ ನಮ್ಮ ಅತಿಥಿಗಳೂ ಐದು ಹತ್ತು ರೂಪಾಯಿ ಕೂಗುತ್ತಾರೆ, ಗೆದ್ದ ಬಾಳೆಗೊನೆಯನ್ನು ಅಲ್ಲೇ ಎಲ್ಲರಿಗೂ ಹಂಚುತ್ತಾರೆ.

ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ದಿನವಿಡೀ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು 2010ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಂದ್ರಕ್ಕೆ ಹೋಗಲು ಒಪ್ಪುವವರನ್ನು ನಾವು ಅಲ್ಲಿಗೇ ಮುಟ್ಟಿಸುತ್ತೇವೆ. ತಳ್ಳುಗಾಡಿ ಬಿಟ್ಟು ಬರಲಾರದವರು, ಗಂಡ ಹೆಂಡತಿ ಬೇರೆ ಬೇರೆ ಮಲಗಲು ಒಪ್ಪದವರು ಹೊರಗೇ ಉಳಿಯುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ ಅಂಥವರಿಗಾಗಿ ಹಾಲ್‌ನ ಪಡಸಾಲೆಯನ್ನು ತೆರೆದಿಡಬೇಕೆಂಬ ಕೋರಿಕೆಯನ್ನು ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಸಮಿತಿಯ ಮುಂದಿಟ್ಟಿದ್ದೇವೆ. ರಾತ್ರಿ ಪಾಳಿಗೆ ಹೆಸರು ಕೊಟ್ಟವರ ಪಟ್ಟಿ ಸಿದ್ಧವಿದೆ, ಸೋರುವ ಹೆಂಚುಗಳನ್ನು ಈ ಬೇಸಿಗೆಯಲ್ಲೇ ಬದಲಿಸುತ್ತಿದ್ದೇವೆ.