ಅಮೆರಿಕಕ್ಕೆ ಹೊಸಬರಿಗೆ: ಸರ್ವರ್, ಕ್ಯಾಷಿಯರ್, ಅಂಚೆಯವರ ಜೊತೆ ವ್ಯವಹಾರ

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ‘ನೀರು ಕೊಡಿ’ ಎಂದರಾಯಿತು, ‘ದಯವಿಟ್ಟು’ ಬೇಕಿಲ್ಲ. ಅದನ್ನೇ ‘ಗಿವ್ ಮಿ ವಾಟರ್’ ಎಂದಾಗ ಬಾಲ ಕಳಚಿ, ಇಲ್ಲಿಯವರ ಕಿವಿಗೆ ‘ಏಯ್, ನೀರು ಕೊಡು’ ಆಗುತ್ತದೆ. ‘ಕುಡ್ ಐ ಗೆಟ್ ಸಮ್ ವಾಟರ್, ಪ್ಲೀಸ್?’ ಎಂದು ಪ್ರಶ್ನೆಯಾಗಿಯೇ ಕೇಳಿ. ಬೇಡವಾದರೆ ‘ನೋ, ಥ್ಯಾಂಕ್ ಯು’. ಬರೀ ತಲೆ ಅಲ್ಲಾಡಿಸಿದರೆ ನಮ್ಮ ಹ್ಞೂಂ ಅವರಿಗೆ ಊಹೂಂ ಅನಿಸಬಹುದು; ಬಾಯಲ್ಲೇ ಹೇಳಿ.

ಊರಿನ ಹೋಟೆಲಿನಂತೆ ಖಾಲಿ ಕುರ್ಚಿ ಕಂಡಲ್ಲಿ ಕೂರಬೇಡಿ, ಬಾಗಿಲಲ್ಲಿ ನಿಂತರೆ ಅವರೇ ಕರೆದೊಯ್ಯುತ್ತಾರೆ. ಒಂದು ಟೇಬಲ್ಲಿಗೆ ಸಾಮಾನ್ಯವಾಗಿ ಒಬ್ಬರೇ ಸರ್ವರ್. ಚಿಟಿಕೆ, ಚಪ್ಪಾಳೆ, ‘ಶ್ ಶ್’ ಖಂಡಿತ ಬೇಡ; ಕಣ್ಣು ಸೇರಿದಾಗ ಕೈ ತುಸು ಎತ್ತಿದರೆ ಸಾಕು. ಬಿಲ್ಲು ಬೇರೆ ಬೇರೆ ಬೇಕಿದ್ದರೆ ಆರ್ಡರ್ ಕೊಡುವ ಮೊದಲೇ ಹೇಳಿ.

ಇನ್ನು ಟಿಪ್ಪು. ಇದನ್ನು ಭಕ್ಷೀಸು ಅಂದುಕೊಂಡವರೇ ಎಡವುವುದು. ಫೆಡರಲ್ ಕಾನೂನಿನ ಪ್ರಕಾರ ಮಾಲೀಕ ಸರ್ವರಿಗೆ ಗಂಟೆಗೆ 2.13 ಡಾಲರ್ ಕೊಟ್ಟರೂ ನಡೆಯುತ್ತದೆ, ಟಿಪ್ಪು ಸೇರಿ 7.25 ಆಗಬೇಕಷ್ಟೆ. ಆ 2.13 ಎಂಬ ಅಂಕಿ 1991ರಿಂದ ಅಲುಗಾಡಿಲ್ಲ. ಟೆಕ್ಸಾಸಿನಲ್ಲಿ ಇಂದಿಗೂ ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಕನಿಷ್ಠ ವೇತನ ಕೊಡಲೇಬೇಕು, ಆದರೂ ಟಿಪ್ಪಿನ ರೂಢಿ ಅಲ್ಲೂ ಇದೆ. ಅಂದರೆ ನೀವು ಬಿಡುವ ದುಡ್ಡು ಅವರ ಸಂಬಳದ ಭಾಗ.

ತೆರಿಗೆಗೆ ಮುಂಚಿನ ಮೊತ್ತದ ಮೇಲೆ 18ರಿಂದ 20 ಶೇಕಡಾ ಲೆಕ್ಕ ಹಾಕಿ. ಊಟ 60 ಡಾಲರ್, ತೆರಿಗೆ 5.40, ಟಿಪ್ಪು 10.80 ಆದರೆ ಒಟ್ಟು 76.20. ಬಹಳ ಕಡೆ ಮೊದಲು ಕಾರ್ಡ್ ಒಯ್ದು ಎರಡು ಚೀಟಿ ತರುತ್ತಾರೆ. ‘ಟಿಪ್’ ಸಾಲಿನಲ್ಲಿ 10.80, ‘ಟೋಟಲ್’ ಸಾಲಿನಲ್ಲಿ 76.20 ಬರೆದು, ಸಹಿ ಹಾಕಿ, ‘ಮರ್ಚೆಂಟ್ ಕಾಪಿ’ಯನ್ನು (ಹೋಟೆಲಿನವರ ಪ್ರತಿ) ಮೇಜಿನ ಮೇಲೇ ಬಿಡಿ. ಅವಸರದಲ್ಲಿ ಅದನ್ನೇ ಜೇಬಿಗೆ ಹಾಕಿಕೊಂಡು ಹೋದರೆ ಸರ್ವರಿಗೆ ಟಿಪ್ಪು ಸಿಗದೇ ಹೋಗಬಹುದು. ಆರು ಜನಕ್ಕಿಂತ ಹೆಚ್ಚಿದ್ದರೆ ‘ಗ್ರ್ಯಾಚ್ಯುಟಿ’ ಎಂಬ ಹೆಸರಲ್ಲಿ ಟಿಪ್ಪನ್ನು ಮೊದಲೇ ಸೇರಿಸಿರಬಹುದು, ಬಿಲ್ಲು ಓದಿ, ಮತ್ತೆ ಕೊಡಬೇಕಿಲ್ಲ. ಕೌಂಟರಿನಿಂದ ನೀವೇ ಎತ್ತಿಕೊಂಡು ಬಂದ ಕಾಫಿಗೂ ಕಾರ್ಡ್ ಯಂತ್ರದ ಪರದೆ ಟಿಪ್ಪು ಕೇಳುತ್ತದೆ. ಅಲ್ಲಿ ‘ನೋ ಟಿಪ್’ ಒತ್ತಲು ಸಂಕೋಚ ಬೇಡ.

ಕ್ಯಾಷಿಯರ್ ಮುಂದೆ ನಿಲ್ಲುವ ಮೊದಲೇ ಫೋನ್ ಮಾತು ಮುಗಿಸಿರಿ. ‘ಹೌ ಆರ್ ಯು?’ಗೆ ‘ಗುಡ್, ಹೌ ಆರ್ ಯು?’ ಸಾಕು, ಆರೋಗ್ಯದ ವರದಿ ಕೊಡಬೇಡಿ.

ದೀಪಾವಳಿಗೆಂದು ಅಂಚೆಯವರ ಕೈಗೆ ನೋಟು ತುರುಕಬೇಡಿ. ನಗದು ತೆಗೆದುಕೊಳ್ಳಲು ಅವರಿಗೆ ಅನುಮತಿಯಿಲ್ಲ. ಒಂದು ಸಲಕ್ಕೆ 20 ಡಾಲರ್ ಮೀರದ, ಒಬ್ಬರಿಂದ ವರ್ಷಕ್ಕೆ 50 ಡಾಲರ್ ಮೀರದ ಉಡುಗೊರೆ ಆಗಬಹುದು. ಚಕ್ಕುಲಿ ಡಬ್ಬಿಗೆ ಅಡ್ಡಿಯಿಲ್ಲ, ಕಡಲೆಬೀಜ ಹಾಕಿದ್ದರೆ ಮಾತ್ರ ಮೇಲೆ ಬರೆದುಬಿಡಿ, ಅಲರ್ಜಿ ಇರಬಹುದು. ಅದಕ್ಕಿಂತ ಅವರಿಗೆ ಬೇಕಾದದ್ದು ನಾಯಿ ಒಳಗಿರುವುದು, ಹಿಮ ಬಿದ್ದ ಬೆಳಿಗ್ಗೆ ಅಂಚೆಪೆಟ್ಟಿಗೆಯವರೆಗೆ ದಾರಿ ಬಿಡಿಸಿರುವುದು. ದಾರಿ ಇಲ್ಲದಿದ್ದರೆ ಅಂದಿನ ಟಪಾಲು ಬಾರದೇ ಹೋಗಬಹುದು.