ಸೊಲ್ಲಾಪುರ ಸ್ಟೇಷನ್ನಿನಲ್ಲಿ ಹೆಸರು ಕೇಳುವ ಮೊದಲು

ಸೊಲ್ಲಾಪುರಕ್ಕೆ ಮನೆ ಬಿಟ್ಟ ಕನ್ನಡದ ಹುಡುಗರು ಎರಡು ಹಾದಿಯಲ್ಲಿ ಬರುತ್ತಾರೆ. ಒಂದು ವಾಡಿ, ಕಲಬುರಗಿ ಕಡೆಯದು. ಇನ್ನೊಂದು ವಿಜಯಪುರದಿಂದ ಹೋಟಗಿ ಮೇಲೆ ಬರುವುದು. ಪ್ಲಾಟ್‌ಫಾರ್ಮಿನಲ್ಲಿ ನಾನು ಮೊದಲು ನೋಡುವುದು ಕಾಲು. ಹೊಸಬನ ಕಾಲಲ್ಲಿ ಸಾಮಾನ್ಯವಾಗಿ ಇನ್ನೂ ಚಪ್ಪಲಿ ಇರುತ್ತದೆ, ಗಾಡಿ ಬಂದಾಗಲೆಲ್ಲ ಎದ್ದು ನಿಲ್ಲುತ್ತಾನೆ. ಹಳಬ ಗಾಡಿಗೆ ಏಳುವುದಿಲ್ಲ, ಖಾಕಿ ಕಂಡರೆ ಏಳುತ್ತಾನೆ. ಹೊಸಬನ ವಿಷಯದಲ್ಲಿ ತಡ ಮಾಡಬೇಡಿ. ಅವನಿಗೆ ಊಟ ಕೊಡಿಸಿ ಮಲಗುವ ಜಾಗ ತೋರಿಸುವ ದೊಡ್ಡ ಹುಡುಗ ಕತ್ತಲಾಗುವುದರೊಳಗೆ ಸಿಗುತ್ತಾನೆ. ಒಂಟಿ ಹುಡುಗಿಯಾದರೆ ನಿಮಗೆ ಅಷ್ಟು ಸಮಯವೂ ಇರುವುದಿಲ್ಲ. ಜೊತೆಗೆ ಒಬ್ಬ ಹೆಣ್ಣುಮಗಳಿಲ್ಲದೆ ನಾನು ಅವಳ ಹತ್ತಿರ ಹೋಗುವುದಿಲ್ಲ.

ಹೆಸರು, ಊರು ಮೊದಲೇ ಕೇಳಿದರೆ ಸುಳ್ಳು ಹೆಸರು ಸಿಗುತ್ತದೆ, ಆಮೇಲೆ ಅದನ್ನೇ ಉಳಿಸಿಕೊಳ್ಳಬೇಕಾದ ಕಷ್ಟ ಮಗುವಿಗೆ. ನೆಲದ ಮೇಲೆ ಅವನ ಸಮಕ್ಕೆ ಕೂತು "ತಮ್ಮಾ, ಉಂಡಿಯೇನು?" ಅನ್ನಿ. ಹಿಂದಿಯಲ್ಲಿ ಉತ್ತರ ಕೊಟ್ಟರೂ ಕನ್ನಡ ತಿಳಿದದ್ದು ಮುಖದಲ್ಲಿ ಗೊತ್ತಾಗುತ್ತದೆ. ಊರಿಗಿಂತ "ಯಾವ ಗಾಡಿಗೆ ಬಂದಿ?" ಎಂಬುದಕ್ಕೆ ಬೇಗ ಬಾಯಿ ಬಿಡುತ್ತಾರೆ.

ರೊಕ್ಕ ಕೊಡಬೇಡಿ. ಬಾಟಲಿ ಆಯ್ದು ಗಳಿಸಿದ್ದನ್ನು ಈ ಮಕ್ಕಳು ಅಂದೇ ಖರ್ಚು ಮಾಡುವುದು ದುಂದಲ್ಲ. ನಿದ್ದೆಯಲ್ಲಿ ಜೇಬು ಖಾಲಿಯಾಗುತ್ತದೆ. ಜಾಣರು ಚಹಾದವನ ಹತ್ತಿರ ಇಡುತ್ತಾರೆ. ಆ ಚಹಾದವನ ಗುರುತು ಮಾಡಿಕೊಳ್ಳಿ, ಯಾರು ಎರಡು ದಿನದಿಂದ ಕಂಡಿಲ್ಲ ಎಂಬುದು ಮೊದಲು ಅವನಿಗೇ ತಿಳಿಯುತ್ತದೆ.

ಟ್ಯೂಬಿಗೆ ತೇಪೆ ಹಾಕುವ ಅಂಟನ್ನು (ಪಂಕ್ಚರ್ ಸೊಲ್ಯೂಷನ್) ಬಟ್ಟೆಗೆ ಹಚ್ಚಿ ನಶೆಗೆ ಮೂಸುವವನ ಬಾಯಿ, ಮೂಗಿನ ಸುತ್ತ ಹುಣ್ಣು, ಕೆಂಪು ಕಣ್ಣು, ಕೆಮಿಕಲ್ ವಾಸನೆ ಇರುತ್ತವೆ. ಹಸಿವೂ ಚಳಿಯೂ ಗೊತ್ತಾಗದಿರಲೆಂದು ಮೂಸುತ್ತಾರೆ. ಆಗಷ್ಟೇ ಮೂಸಿದವನ ಬಟ್ಟೆ ಕಸಿಯಬೇಡಿ, ಅಟ್ಟಿಸಿಕೊಂಡು ಹೋಗಲೇಬೇಡಿ. ಅಂಥ ಅಂಟುಗಳಲ್ಲಿರುವ ಟಾಲ್ಯೂಯಿನ್‌ನಂಥ ದ್ರಾವಕದಿಂದ ಹೃದಯದ ಬಡಿತ ಅಸ್ಥಿರವಾಗಿರುತ್ತದೆ. ಆ ಹೊತ್ತಿನಲ್ಲಿ ಹೆದರಿ ಓಡಿದರೆ ಬಡಿತ ತಪ್ಪಿ ಅಲ್ಲೇ ಸಾಯಬಹುದು. ಗಾಳಿಯಾಡುವಲ್ಲಿ ಕೂರಿಸಿ, ಮೆಲ್ಲಗೆ ಮಾತಾಡಿಸಿ, ಎಚ್ಚರ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಹಳಬರನ್ನು ಒಬ್ಬೊಬ್ಬರಾಗಿ ಎಳೆದರೆ ಬರುವುದಿಲ್ಲ. ಜ್ವರ ಬಂದವನಿಗೆ ಬನ್ನು ತಂದು ತಿನ್ನಿಸುವ ಜೊತೆಗಾರ ಒಬ್ಬನಿರುತ್ತಾನೆ, ಇಬ್ಬರನ್ನೂ ಒಟ್ಟಿಗೆ ಕರೆಯಿರಿ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇರಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. "ಮನಿಗೆ ಕಳಸೂದಿಲ್ಲ" ಎಂದು ಮಾತು ಕೊಡಬೇಡಿ, ತೀರ್ಮಾನ ಸಮಿತಿಯದು. ಆ ಮಾತು ಸುಳ್ಳಾದರೆ ಸುದ್ದಿ ಇಡೀ ಗುಂಪಿಗೆ ಹಬ್ಬಿ, ಮರುದಿನದಿಂದ ಯಾರೂ ನಿಮ್ಮ ಹತ್ತಿರ ಕೂರುವುದಿಲ್ಲ.

ಸಮಿತಿಗೆ ಕೊಡುವ ಬರಹದಲ್ಲಿ ಮೊದಲ ಸಾಲಿಗೇ "ಮಗುವಿನ ಭಾಷೆ ಕನ್ನಡ, ಮರಾಠಿ ಬಾರದು" ಎಂದು ಬರೆಯುತ್ತೇನೆ. ಅದನ್ನು ಬರೆಯದೆ ಹೋದರೆ ಮಗು ಬಾಲಗೃಹದಲ್ಲಿ ಸುಮ್ಮನೆ ಕೂತಿರುತ್ತದೆ, ಅದನ್ನು ನೋಡಿದವರು ಹಟಮಾರಿ ಎಂದುಕೊಳ್ಳುತ್ತಾರೆ. ಮನೆಯ ಏಟಿಗೆ ಓಡಿಬಂದದ್ದಾದರೆ ಅದನ್ನೂ ಮಗುವಿನ ಮಾತಿನಲ್ಲೇ ಬರೆದು ಕೊಡಿ. ಕಾಗದ ಮುಂದೆ ಊರಿನ ಜಿಲ್ಲೆಯ ಸಮಿತಿಗೆ ಹೋದಾಗ ಅಪ್ಪನ ಕೈಗೆ ಒಪ್ಪಿಸುವ ಮೊದಲು ಅವರು ಓದಬೇಕಾದ ಸಾಲು ಅದೇ.