ಜಿಟಿ ರೇಸಿಗೆ ಹೊಸ ನಿಯಮ ಬಂತಾ? ಖರ್ಚು ನಿಜಕ್ಕೂ ಇಳಿಯಿತೋ ಇಲ್ಲವೋ ನೋಡುವುದು ಹೀಗೆ

ಜೂನ್‌ನಲ್ಲಿ ಫ್ರಾನ್ಸ್‌ನ ಲೆ ಮಾನ್‌ನಲ್ಲಿ 24 ತಾಸಿನ ರೇಸ್ ಶುರುವಾಗುವಾಗ ಕಲಬುರಗಿಯಲ್ಲಿ ಸಂಜೆ ಏಳೂವರೆ. ಎಂಜಿನಿಯರಿಂಗ್ ಹಾಸ್ಟೆಲ್ ಹುಡುಗರು ಲ್ಯಾಪ್‌ಟಾಪ್ ಸುತ್ತ ಕೂತಿರುತ್ತಾರೆ. ರಿಂಗ್ ರೋಡಿನ ಗ್ಯಾರೇಜಿನಲ್ಲಿ ಅರ್ಧ ಶಟರ್ ಇಳಿಸಿ ಮೊಬೈಲ್‌ನಲ್ಲಿ ನೋಡುವ ಮಿಸ್ತ್ರಿಗಳೂ ಇದ್ದಾರೆ. ಕಾರುಗಳ ಬಗ್ಗೆ ಇವರಿಗೆ ಗೊತ್ತಿಲ್ಲದ್ದು ಕಡಿಮೆ. ಆದರೆ ಜಿಟಿ ದರ್ಜೆಯಲ್ಲಿ, ಅಂದರೆ ರಸ್ತೆ ಕಾರಿನ ಮಾದರಿಯ ಮೇಲೆ ಕಟ್ಟಿದ ರೇಸ್ ಕಾರುಗಳ ದರ್ಜೆಯಲ್ಲಿ, ‘ಈ ಸಲ ನಿಯಮ ಬದಲಾಗಿದೆಯಂತೆ, ಖರ್ಚು ಕಮ್ಮಿ ಆಗಿದೆಯಂತೆ’ ಎಂಬ ಮಾತು ಬಂದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಯಾರ ಖರ್ಚು? ಎಲ್ಲಿ ಕಮ್ಮಿ ಆಯಿತು? ಇದನ್ನು ನಾವೇ ಲೆಕ್ಕ ಹಾಕಬಹುದು. ಒಂದು ನೋಟ್‌ಬುಕ್ ಮತ್ತು ಇಂಟರ್ನೆಟ್ ಇದ್ದರೆ ಸಾಕು.

ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ: ಜಾಸ್ತಿ ದುಡ್ಡು ಸುರಿದವರಿಗೆ ಈ ನಿಯಮದಡಿ ಜಾಸ್ತಿ ವೇಗ ಸಿಗುತ್ತದೆಯೇ? ಸಿಗುತ್ತದೆ ಎಂದಾದರೆ ಖರ್ಚು ಇಳಿಸುವ ಮಾತು ಬರೀ ಮಾತು.

ಹಂತ 1: ನಿಯಮ ಯಾರದ್ದು?

ಒಂದೇ ಜಿಟಿ ಕಾರು ಬೇರೆ ಬೇರೆ ಸರಣಿಗಳಲ್ಲಿ ಓಡುತ್ತದೆ. ಲೆ ಮಾನ್ ಇರುವ ವಿಶ್ವ ಎಂಡ್ಯೂರೆನ್ಸ್ (ತಾಸುಗಟ್ಟಲೆ ಓಡುವ ರೇಸುಗಳ) ಸರಣಿಯ ನಿಯಮವನ್ನು ಎಫ್‌ಐಎ (ವಿಶ್ವ ಮೋಟಾರು ಕ್ರೀಡಾ ಸಂಸ್ಥೆ) ಮತ್ತು ಎಸಿಒ (ಲೆ ಮಾನ್ ರೇಸಿನ ಸಂಘಟಕರು) ಮಾಡುತ್ತವೆ. ಅಮೆರಿಕದಲ್ಲಿ ಇಮ್ಸಾ, ಜಿಟಿ ವರ್ಲ್ಡ್ ಚಾಲೆಂಜ್‌ಗೆ ಎಸ್‌ಆರ್‌ಒ, ಜಪಾನಿನ ಸೂಪರ್ ಜಿಟಿಗೆ ಜಿಟಿಎ. ‘ಜಿಟಿ ನಿಯಮ ಬದಲು’ ಎಂಬ ಸುದ್ದಿ ಕಂಡರೆ ಮೊದಲು ಸರಣಿಯ ಹೆಸರು ಬರೆದುಕೊಳ್ಳಿ.

ಹಂತ 2: ಕಾರಿಗೆ ಒಪ್ಪಿಗೆ ಸಿಕ್ಕ ಮೇಲೆ ಏನೇನು ಬದಲಿಸಬಹುದು?

ಈ ಒಪ್ಪಿಗೆಗೆ ಹೊಮೊಲೊಗೇಷನ್ ಎನ್ನುತ್ತಾರೆ. ಜಿಟಿ ರೇಸಿನ ಅರ್ಧ ಇತಿಹಾಸ ಇದರಲ್ಲೇ ಇದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

1997ರಲ್ಲಿ ಎಫ್‌ಐಎ ಜಿಟಿ ಚಾಂಪಿಯನ್‌ಷಿಪ್ ಶುರುವಾದಾಗ ಮೇಲಿನ ದರ್ಜೆ ಜಿಟಿ1. ಅದರಲ್ಲಿ ಓಡಬೇಕಾದರೆ ಅದೇ ಮಾದರಿಯ 25 ರಸ್ತೆ ಕಾರು ಮಾಡಬೇಕಿತ್ತು. ಕಾಗದದ ಮೇಲೆ ಇದು ಬಿಗಿ ನಿಯಮ. ಆದರೆ ಮರ್ಸಿಡಿಸ್ ಏನು ಮಾಡಿತು? ಸಿಎಲ್‌ಕೆ ಜಿಟಿಆರ್ ಅನ್ನು ರೇಸಿಗೆಂದೇ ಕಟ್ಟಿತು. ರಸ್ತೆ ಕಾರುಗಳು ಗಿರಾಕಿಗಳ ಕೈಗೆ ಬಂದದ್ದು ಆಮೇಲೆ. ಮೊದಲ ವರ್ಷವೇ ಪ್ರಶಸ್ತಿ ಗೆದ್ದಿತು. 1998ರಲ್ಲಂತೂ ಹತ್ತಕ್ಕೆ ಹತ್ತೂ ರೇಸ್ ಮರ್ಸಿಡಿಸ್ ಪಾಲು. ಅಷ್ಟು ದುಡ್ಡು ಹಾಕಿ ಎದುರು ನಿಲ್ಲುವವರು ಉಳಿಯಲಿಲ್ಲ, 1999ಕ್ಕೆ ಆ ದರ್ಜೆಯೇ ಇರಲಿಲ್ಲ. ಎಷ್ಟು ಕಾರು ಮಾಡಬೇಕು ಎಂದು ನಿಯಮ ಹೇಳಿತ್ತು. ಎಷ್ಟು ಖರ್ಚಾದರೂ ಪರವಾಗಿಲ್ಲ ಎನ್ನುವವರನ್ನು ತಡೆಯುವ ಒಂದು ಸಾಲೂ ಅದರಲ್ಲಿರಲಿಲ್ಲ.

2006ರಲ್ಲಿ ಎಸ್‌ಆರ್‌ಒ ತಂದ ಜಿಟಿ3 ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಕಂಪನಿ ಸಿದ್ಧ ಕಾರು ಮಾಡಿ ಮಾರುತ್ತದೆ, ಖಾಸಗಿ ತಂಡ ಕೊಂಡು ಓಡಿಸುತ್ತದೆ. ಎಂಜಿನ್, ರೆಕ್ಕೆ, ಬಾಡಿ ಯಾವುದನ್ನೂ ತಂಡ ತನಗೆ ಬೇಕಾದಂತೆ ಮಾಡಿಕೊಳ್ಳುವಂತಿಲ್ಲ. ಕಂಪನಿಯೂ ತಿಂಗಳಿಗೊಂದು ಹೊಸ ಭಾಗ ತರುವಂತಿಲ್ಲ, ಕೆಲವು ವರ್ಷಕ್ಕೊಮ್ಮೆ ‘ಇವೊ’ ಎಂಬ ಕಿಟ್ ತರಬಹುದು. ಹೊಸ ನಿಯಮ ಓದುವಾಗ ಎರಡು ಸಂಗತಿ ಹುಡುಕಿ. ಕಾರಿನ ವಿನ್ಯಾಸ ಎಷ್ಟು ವರ್ಷ ಬದಲಾಗದೆ ಇರುತ್ತದೆ? ಕಿಟ್ ಬಂದರೆ ಹಳೆ ಕಾರಿಗೆ ಕೂರುತ್ತದೆಯೋ, ಹೊಸ ಕಾರೇ ಕೊಳ್ಳಬೇಕೋ? ತಂಡದವರಿಗೆ ನಿದ್ದೆ ಬರುವುದೂ ಬಿಡುವುದೂ ಈ ಎರಡನೇ ಉತ್ತರದ ಮೇಲೆ.

ಹಾಗಂತ ಜಿಟಿ3 ಸಸ್ತಾ ಅಲ್ಲ. ಹೊಸ ಕಾರಿನ ಬೆಲೆ 5 ಲಕ್ಷ ಯೂರೋ ದಾಟುತ್ತದೆ. ಆದರೆ ಕೊಂಡ ಮೇಲೆ ಪಕ್ಕದವರಿಗಿಂತ ಹತ್ತು ಪಟ್ಟು ಸುರಿದು ವೇಗ ಕೊಳ್ಳುವ ದಾರಿ ಮುಚ್ಚಿದೆ. ಅದಕ್ಕೇ ಅದು ಇನ್ನೂ ಬದುಕಿದೆ.

ಹಂತ 3: ಬಿಒಪಿ ಪಟ್ಟಿ ಓದಿ

ದಾರಿ ಮುಚ್ಚಿದ್ದು ಹೇಗೆ? ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್, ಎಲ್ಲರ ಬಾಯಲ್ಲಿ ಬಿಒಪಿ. ನಮ್ಮ ಕಡೆ ಜಾತ್ರೆ ಕುಸ್ತಿಯಲ್ಲಿ ಹಿರಿಯರು ಪೈಲ್ವಾನರ ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರಲ್ಲ, ಆ ಕೆಲಸವನ್ನು ಇಲ್ಲಿ ಒಂದು ಪಟ್ಟಿ ಮಾಡುತ್ತದೆ. ಬಿಎಂಡಬ್ಲ್ಯು ಎಂ4ಗೆ 3 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಎಂಜಿನ್, ಮರ್ಸಿಡಿಸ್‌ಗೆ 6 ಲೀಟರ್ ಮೀರಿದ ಟರ್ಬೊ ಇಲ್ಲದ ವಿ8, ಪೋರ್ಷೆಗೆ ಹಿಂಬದಿಯಲ್ಲಿ ಆರು ಸಿಲಿಂಡರ್. ಇಂಥವು ಒಟ್ಟಿಗೆ ಓಡಬೇಕಾದರೆ ಬಲವಾದದ್ದಕ್ಕೆ ಕಡಿವಾಣ ಬೇಕೇ ಬೇಕು.

ಪಟ್ಟಿಯಲ್ಲಿ ಒಂದೊಂದು ಕಾರಿಗೂ ಒಂದೊಂದು ಸಾಲು. ಕನಿಷ್ಠ ತೂಕ ಕಿಲೋದಲ್ಲಿ. ಟರ್ಬೊ ಇಲ್ಲದ ಎಂಜಿನ್‌ಗೆ ಗಾಳಿ ಒಳಹೋಗುವ ರಂಧ್ರದ ಅಳತೆ ಮಿಲಿಮೀಟರಿನಲ್ಲಿ, ಟರ್ಬೊ ಇದ್ದರೆ ಯಾವ ಆರ್‌ಪಿಎಂನಲ್ಲಿ ಎಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಎಂಬ ಪುಟ್ಟ ಕೋಷ್ಟಕ. ಸರಣಿಗೆ ತಕ್ಕಂತೆ ನೆಲದಿಂದ ಕಾರಿನ ಎತ್ತರ, ಹಿಂದಿನ ರೆಕ್ಕೆಯ ಕೋನ, ಇಂಧನದ ಪ್ರಮಾಣವೂ ಇರಬಹುದು. ಹಿಂದಿನ ರೇಸಿನ ಪಟ್ಟಿ ಎಡಕ್ಕೆ, ಹೊಸದು ಬಲಕ್ಕೆ ಬರೆದುಕೊಳ್ಳಿ. ಬದಲಾದ ಅಂಕಿಗೆ ಮಾತ್ರ ಸುತ್ತು ಹಾಕಿ.

ಈಗ ಲ್ಯಾಪ್ ಸಮಯ. ಒಂದೇ ಒಂದು ವೇಗದ ಲ್ಯಾಪ್ ನೋಡಿ ತೀರ್ಮಾನಕ್ಕೆ ಬರಬೇಡಿ. ಹೊಸ ಟೈರ್, ಟ್ಯಾಂಕಿನಲ್ಲಿ ಕಮ್ಮಿ ಇಂಧನ, ಮುಂದೆ ಖಾಲಿ ದಾರಿ ಇದ್ದರೆ ಯಾರಾದರೂ ಒಂದು ಲ್ಯಾಪ್ ಹೊಡೆದಾರು. ಪಿಟ್‌ಗೆ (ಟೈರ್, ಇಂಧನಕ್ಕೆ ನಿಲ್ಲುವ ಜಾಗ) ಹೋದ ಲ್ಯಾಪ್, ಅಲ್ಲಿಂದ ಬಂದ ಲ್ಯಾಪ್, ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಇದ್ದ ಲ್ಯಾಪ್, ಮಳೆಯ ಲ್ಯಾಪ್ ಎಲ್ಲ ತೆಗೆದುಹಾಕಿ. ಉಳಿದದ್ದರಲ್ಲಿ ಚೆನ್ನಾಗಿರುವ ಶೇ 20ರಷ್ಟನ್ನು ಆರಿಸಿ ಸರಾಸರಿ ತೆಗೆಯಿರಿ. 100 ಲ್ಯಾಪ್ ಉಳಿದರೆ 20 ಲ್ಯಾಪ್. ಕಾರಿನ ನಿಜವಾದ ವೇಗ ಇಲ್ಲಿ ಕಾಣುತ್ತದೆ.

ಉದಾಹರಣೆಗೆ, ಒಂದು ಕಾರಿಗೆ 15 ಕಿಲೋ ಸೇರಿಸಿದ್ದಾರೆ ಅಂದುಕೊಳ್ಳಿ. ಪೆಟ್ಟು ಕಾಣುವುದು ಬ್ರೇಕ್ ಹಾಕುವಲ್ಲಿ, ತಿರುವುಗಳಲ್ಲಿ, ಟೈರ್ ಸವೆತದಲ್ಲಿ. ಹಾಗಾಗಿ ತಿರುವು ಜಾಸ್ತಿ ಇರುವ ಸೆಕ್ಟರಿನ (ಸಮಯ ಅಳೆಯಲು ಟ್ರ್ಯಾಕನ್ನು ಹಂಚಿದ ಒಂದು ಭಾಗ) ಸಮಯ ನೋಡಿ. ಗಾಳಿಯ ರಂಧ್ರ ಕಿರಿದು ಮಾಡಿದ್ದರೆ ನೇರ ದಾರಿಯ ಗರಿಷ್ಠ ವೇಗ ನೋಡಿ. ಅಂಕಿ ಬದಲಾಗಿಯೂ ಸೆಕ್ಟರಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ, ಆ ಕಾರು ಹಿಂದಿನ ಸಲ ಪೂರ್ತಿ ವೇಗ ತೋರಿಸಿರಲಿಲ್ಲ ಎಂಬ ಅನುಮಾನಕ್ಕೆ ಜಾಗವಿದೆ.

ಆ ಅನುಮಾನಕ್ಕೆ ಮದ್ದೆಂದು ವಿಶ್ವ ಎಂಡ್ಯೂರೆನ್ಸ್ ಸರಣಿ 2024ರಿಂದ ಜಿಟಿ ಕಾರುಗಳಿಗೆ ಟಾರ್ಕ್ ಸೆನ್ಸರ್ ಕಡ್ಡಾಯ ಮಾಡಿತು. ಚಕ್ರಕ್ಕೆ ಹೋಗುವ ಶಾಫ್ಟಿನಲ್ಲೇ ಬಲ ಅಳೆಯುವ ಸಾಧನ ಅದು. ಅಳತೆ ನೇರ, ಮೋಸ ಕಷ್ಟ. ಒಳ್ಳೆಯದೇ. ಆದರೆ ತಂಡದ ಬಿಲ್ಲಿಗೆ ಒಂದು ಸಾಲು ಸೇರಿತು ಎಂಬುದೂ ನಿಜ. ನ್ಯಾಯ ಹೆಚ್ಚಿಸಿದ ನಿಯಮ ಬೇರೆ, ಖರ್ಚು ಇಳಿಸಿದ ನಿಯಮ ಬೇರೆ. ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಹಾಕಿ.

ಜಪಾನಿನವರ ಉಪಾಯ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಸೂಪರ್ ಜಿಟಿಯ ಮೇಲಿನ ದರ್ಜೆಯಾದ ಜಿಟಿ500ರಲ್ಲಿ ಗೆದ್ದ ಪಾಯಿಂಟುಗಳ ಲೆಕ್ಕದಲ್ಲಿ ಕಾರಿಗೆ ಭಾರ ಹೊರಿಸುವ ಪದ್ಧತಿ ಬೆಳೆದು ಬಂದಿದೆ. ಭಾರದ ತುಂಡಿಗೆ ಖರ್ಚೇ ಇಲ್ಲ. ಮುಂದೆ ಓಡಿದವರಿಗೆ ಮುಂದಿನ ರೇಸ್ ಸಲೀಸಲ್ಲ. 2014ರಿಂದ ಅಲ್ಲಿ ಟೊಯೊಟಾ, ನಿಸ್ಸಾನ್, ಹೋಂಡಾ ಮೂರೂ ಕಂಪನಿಗಳಿಗೆ ಒಂದೇ ಬಗೆಯ ಕಾರ್ಬನ್ ಗೂಡು (ಚಾಲಕ ಕೂರುವ ಚೌಕಟ್ಟು), 2 ಲೀಟರ್ ಟರ್ಬೊ ಎಂಜಿನ್. ಕಾಣದ ಭಾಗಗಳಿಗೆ ದುಡ್ಡು ಸುರಿಯುವುದು ಬೇಡ ಎಂಬುದೇ ಲೆಕ್ಕ.

ಹಂತ 4: ಯಾರು ಓಡಿಸುತ್ತಾರೆ?

ಎಫ್‌ಐಎ ಚಾಲಕರನ್ನು ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಎಂದು ವಿಂಗಡಿಸುತ್ತದೆ. ವಿಶ್ವ ಎಂಡ್ಯೂರೆನ್ಸ್ ಸರಣಿಯಲ್ಲಿ ಜಿಟಿ3 ಕಾರುಗಳು ಓಡುವ ಎಲ್‌ಎಂಜಿಟಿ3 ದರ್ಜೆಯಲ್ಲಿ ಪ್ರತಿ ಕಾರಿಗೂ ಒಬ್ಬ ಬ್ರಾಂಜ್ ಚಾಲಕ ಇರಲೇಬೇಕು. ಇವರು ಸಾಮಾನ್ಯವಾಗಿ ಹವ್ಯಾಸಿಗಳು, ಎಷ್ಟೋ ಸಲ ತಂಡದ ಬಿಲ್ಲು ಕಟ್ಟುವವರೂ ಅವರೇ. ಈ ನಿಯಮದಿಂದ ಒಟ್ಟು ಖರ್ಚು ಇಳಿಯುವುದಿಲ್ಲ, ಅದನ್ನು ಹೊರುವ ಹೆಗಲು ಬದಲಾಗುತ್ತದೆ. ಸಂಬಳಕ್ಕೆ ಓಡಿಸುವ ಯುವಕರಿಗೆ ಅಷ್ಟು ಜಾಗ ಕಡಿಮೆ. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಜರ್ಮನಿಯ ಡಿಟಿಎಂ ಎಂಬ ರೇಸ್ ಸರಣಿಗೆ ಮರ್ಸಿಡಿಸ್ ಜಿಟಿ3 ಓಡಿಸಲು ಹೋದರು. ನಮ್ಮ ಹುಡುಗರು ಈ ದಾರಿಯಲ್ಲಿ ಇದ್ದಾರೆ, ಹಾಗಾಗಿ ಈ ಕಾಲಂ ಖಾಲಿ ಬಿಡಬೇಡಿ.

ಹಂತ 5: ರೇಸಿನ ವಾರದ ಖರ್ಚು

ಒಂದೇ ಕಂಪನಿಯ ಟೈರ್ ಕಡ್ಡಾಯವೇ? ರೇಸಿಗೆ ಎಷ್ಟು ಸೆಟ್? ಪ್ರಾಕ್ಟೀಸಿಗೆ ಎಷ್ಟು ದಿನ? ಪಿಟ್ ನಿಲುಗಡೆಗೆ ಕನಿಷ್ಠ ಸಮಯ ಇದೆಯೇ? ಇದ್ದರೆ ಅರ್ಧ ಸೆಕೆಂಡು ಉಳಿಸಲು ದುಬಾರಿ ಸಾಮಾನು, ಜಾಸ್ತಿ ಜನ ಬೇಕಾಗುವುದಿಲ್ಲ. ಸಣ್ಣ ಸಾಲುಗಳು, ಆದರೆ ವರ್ಷವಿಡೀ ಕಟ್ಟುವ ಬಿಲ್ಲು ಇವೇ.

ಹಂತ 6: ಎಂಟ್ರಿ ಪಟ್ಟಿ ಎಣಿಸಿ

ಓಡಲು ಹೆಸರು ಕೊಟ್ಟ ಕಾರುಗಳ ಪಟ್ಟಿ ಇದು. ಪತ್ರಿಕಾ ಪ್ರಕಟಣೆಗಿಂತ ಇದನ್ನು ಜಾಸ್ತಿ ನಂಬಿ. 2020ರಲ್ಲಿ ಡಿಟಿಎಂನಲ್ಲಿ ಉಳಿದದ್ದು ಆಡಿ ಮತ್ತು ಬಿಎಂಡಬ್ಲ್ಯು ಎರಡೇ ಕಂಪನಿ. ಆಡಿ ಹೊರಡುತ್ತೇನೆ ಎಂದಿತು. 2021ರಲ್ಲಿ ಜಿಟಿ3 ಕಾರುಗಳಿಗೆ ಬಾಗಿಲು ತೆರೆದಾಗ ಮರ್ಸಿಡಿಸ್, ಫೆರಾರಿ, ಲ್ಯಾಂಬೋರ್ಗಿನಿ ಕಾರುಗಳೂ ಸಾಲಿಗೆ ಬಂದವು. ವಿಶ್ವ ಸರಣಿಯಲ್ಲಿ ದುಬಾರಿ ಜಿಟಿಇ ಪ್ರೊ ದರ್ಜೆ 2022ಕ್ಕೆ ಮುಗಿಯಿತು. 2024ರಲ್ಲಿ ಅಲ್ಲಿಗೂ ಜಿಟಿ3 ಬಂತು, ಮೊದಲ ವರ್ಷವೇ ಒಂಬತ್ತು ಕಂಪನಿಗಳ 18 ಕಾರು. ಖರ್ಚು ತಾಳುವಂತಿದ್ದರೆ ಜನ ಬರುತ್ತಾರೆ. ಆದರೆ ಮೊದಲ ವರ್ಷದ ಜಾತ್ರೆ ನೋಡಿ ಮಾರುಹೋಗಬೇಡಿ, ಎರಡು ಮೂರು ವರ್ಷದ ಪಟ್ಟಿಗಳನ್ನು ಒಂದೇ ಪುಟದಲ್ಲಿಟ್ಟು ನೋಡಿ.

ಶುರು ಮಾಡಲು ಜಿಟಿ ವರ್ಲ್ಡ್ ಚಾಲೆಂಜ್ ಒಳ್ಳೆಯದು, ಎಸ್‌ಆರ್‌ಒ ತನ್ನ ರೇಸುಗಳನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ತೋರಿಸುತ್ತದೆ. ಎಲ್ಲ ಕಾರುಗಳ ಹಿಂದೆ ಓಡಬೇಡಿ. ಟರ್ಬೊ ಇರುವ ಒಂದು, ಇಲ್ಲದ ಒಂದು, ಎರಡೇ ಕಾರು ಆರಿಸಿ. ಇಬ್ಬರು ಸೇರಿ ಮಾಡುವುದಾದರೆ ಒಬ್ಬರು ಬಿಒಪಿ ಪಟ್ಟಿ ಹಿಡಿಯಿರಿ, ಇನ್ನೊಬ್ಬರು ಲ್ಯಾಪ್ ಸಮಯ ಬರೆಯಿರಿ. ಮುಂದಿನ ಪಟ್ಟಿ ಹೊರಬೀಳುವ ಮೊದಲೇ ಯಾವ ಕಾರಿಗೆ ತೂಕ ಸೇರುತ್ತದೆ ಎಂದು ಊಹಿಸಿ, ತಾರೀಕಿನ ಸಮೇತ ಬರೆದಿಡಿ.